ದೇಶದ ಗೆರೆ ಪ್ರದೇಶದ ಗೆರೆಯನ್ನು ದಾಟಿದರೆ: ಮೆದುಮರದ ಸೌದೆ ಆಮದಿನ ಲೆಕ್ಕದಲ್ಲಿ ತಪ್ಪು ಹಿಡಿಯುವುದು ಹೇಗೆ

ಶಿಡ್ಲಘಟ್ಟದ ಒಬ್ಬ ವಿದ್ಯಾರ್ಥಿನಿ ಒಂದು ಗ್ರಾಫ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅವಳ ಮನೆಯಲ್ಲಿ ರೇಷ್ಮೆ ರೀಲಿಂಗ್ ಕೆಲಸ. ಗೂಡು ಬೇಯಿಸುವ ಒಲೆಗೆ ದಿನವೂ ಸೌದೆ ಬೇಕು. ಹಾಗಾಗಿ ಸೌದೆ ರೇಟು ಆ ಮನೆಯಲ್ಲಿ ನಿತ್ಯದ ಮಾತು. ಕಾಲೇಜಿನ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದೂ ಸೌದೆಯನ್ನೇ. ಮೆದುಮರದ, ಅಂದರೆ ಪೈನ್, ದೇವದಾರು ಜಾತಿಯ ಮರದ, ಸೌದೆಯ ಆಮದು ಮೌಲ್ಯದಲ್ಲಿ ಭಾರತ ಎಷ್ಟು, ದಕ್ಷಿಣ ಏಷ್ಯಾ ಎಷ್ಟು ಎಂದು ಹೋಲಿಸುವುದು ಅವಳ ವಿಷಯ.

ಗ್ರಾಫಿನಲ್ಲಿ ಮೂರು ಕಡೆ ತೊಂದರೆ ಇತ್ತು. 2016ರವರೆಗೆ ಭಾರತದ ಗೆರೆಯೇ ಇಲ್ಲ, 2017ರಲ್ಲಿ ಅದು ಇದ್ದಕ್ಕಿದ್ದಂತೆ ಹುಟ್ಟಿಕೊಂಡಿದೆ. ಅದೇ ವರ್ಷ ಪ್ರದೇಶದ ಗೆರೆ ದಡಕ್ಕನೆ ಕೆಳಗೆ ಬಿದ್ದಿದೆ. ಆಮೇಲೆ ಎರಡು ವರ್ಷ ಭಾರತದ ಗೆರೆ ಪ್ರದೇಶದ ಗೆರೆಗಿಂತ ಮೇಲೆ ಹೋಗಿದೆ. ಕೆಳಗೆ ಅವಳು ಬರೆದಿದ್ದಳು: '2017ರಿಂದ ಭಾರತ ಹೊರದೇಶದ ಮೆದುಮರದ ಸೌದೆ ತರಿಸಲು ಶುರು ಮಾಡಿತು.'

ಓದಿದವರು ನಂಬಿಬಿಡುವಂಥ ವಾಕ್ಯ ಅದು. ಆದರೆ ಅದಕ್ಕೆ ಆಧಾರವಿಲ್ಲ. ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಮಕ್ಕಳಿಗೆ ಎಕ್ಸೆಲ್ ಶೀಟಿನ ಕೆಲಸ ಹೇಳಿಕೊಡುತ್ತಾ ನಾನು ಇಂಥವನ್ನು ಬೇಕಾದಷ್ಟು ನೋಡಿದ್ದೇನೆ. ಗೆರೆ ವಿಚಿತ್ರವಾಗಿ ಕಂಡ ತಕ್ಷಣ ಮಾರುಕಟ್ಟೆಯಲ್ಲಿ ಏನಾಯಿತು ಎಂದು ಕಾರಣ ಹುಡುಕಲು ಹೊರಡುತ್ತಾರೆ. ಮೊದಲು ನೋಡಬೇಕಾದ್ದು ಶೀಟನ್ನು. ನಾನು ಯಾವ ಕ್ರಮದಲ್ಲಿ ನೋಡುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಲಕ್ಷಣ 1: ದೇಶ ಪ್ರದೇಶಕ್ಕಿಂತ ದೊಡ್ಡದಾಗಿದೆ

ಇದು ಸುಲಭವಾಗಿ ಸಿಕ್ಕಿಬೀಳುವ ತಪ್ಪು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶಗಳ ತಾಣ ಫಾವೋಸ್ಟ್ಯಾಟ್‌ನಲ್ಲಿ ಪ್ರದೇಶದ ಅಂಕಿ ಎಂದರೆ ಅದರೊಳಗಿನ ದೇಶಗಳ ಅಂಕಿಗಳ ಮೊತ್ತ. ಭಾಗವು ಮೊತ್ತಕ್ಕಿಂತ ದೊಡ್ಡದಾಗಲು ಸಾಧ್ಯವೇ ಇಲ್ಲ. ಆಗಿದೆ ಎಂದರೆ ಎರಡು ಅಂಕಿಗಳು ಎರಡು ಕಡೆಯಿಂದ ಬಂದಿವೆ, ಅಥವಾ ಎರಡಕ್ಕೂ ಅಳತೆ ಬೇರೆ ಬೇರೆ.

ಮೊದಲು ಅಳತೆ ನೋಡಿ. ಫಾವೋಸ್ಟ್ಯಾಟ್‌ನಲ್ಲಿ ಆಮದು ಮೌಲ್ಯ ಸಾವಿರ ಡಾಲರ್‌ಗಳಲ್ಲಿರುತ್ತದೆ. ಅಲ್ಲಿ 45 ಎಂದಿದ್ದರೆ ಅದು 45,000 ಡಾಲರ್. ವಿಶ್ವಸಂಸ್ಥೆಯದೇ ವ್ಯಾಪಾರದ ಅಂಕಿಗಳ ತಾಣವಾದ ಕಾಮ್‌ಟ್ರೇಡ್‌ನಲ್ಲಿ ಮೌಲ್ಯ ಬರೀ ಡಾಲರ್‌ಗಳಲ್ಲಿರುತ್ತದೆ. ನಮ್ಮ ವಾಣಿಜ್ಯ ಸಚಿವಾಲಯದ ಪಟ್ಟಿಗಳಲ್ಲಿ ಲಕ್ಷ ರೂಪಾಯಿಯಲ್ಲೋ ದಶಲಕ್ಷ ಡಾಲರ್‌ನಲ್ಲೋ ಕೊಟ್ಟಿರುತ್ತಾರೆ. ಈ ಹುಡುಗಿ ಶೀಟಿನಲ್ಲಿ ಎರಡು ವರ್ಷದ ಖಾಲಿ ಮನೆಗಳನ್ನು ಕಾಮ್‌ಟ್ರೇಡ್‌ನಿಂದ ತಂದು ತುಂಬಿದ್ದಳು. ಆ ಎರಡು ವರ್ಷವೇ ಗೆರೆ ಮೇಲೆ ಹಾರಿತ್ತು.

ಸುಲಭದ ಪರೀಕ್ಷೆ ಒಂದಿದೆ. ಅನುಮಾನ ಬಂದ ಅಂಕಿಯನ್ನು ಅಕ್ಕಪಕ್ಕದ ವರ್ಷದ ಅಂಕಿಯಿಂದ ಭಾಗಿಸಿ. ಉತ್ತರ ಸಾವಿರದ ಹತ್ತಿರ ಬಂದರೆ ಡಾಲರ್ ಮತ್ತು ಸಾವಿರ ಡಾಲರ್ ಬೆರೆತಿವೆ. ಎಪ್ಪತ್ತು ಎಂಬತ್ತರ ಹತ್ತಿರ ಬಂದರೆ ರೂಪಾಯಿ ಮತ್ತು ಡಾಲರ್ ಬೆರೆತಿವೆ.

ಆದರೆ ಈ ಪರೀಕ್ಷೆಗೂ ಸಿಗದ ತಪ್ಪು ಒಂದಿದೆ. ನನಗೆ ಜಾಸ್ತಿ ಭಯ ಇರುವುದು ಅದರ ಬಗ್ಗೆಯೇ. ಡಾಲರ್‌ಗೆ 80 ರೂಪಾಯಿ ಎಂದುಕೊಳ್ಳಿ. ಆಗ ಒಂದು ಲಕ್ಷ ರೂಪಾಯಿ ಎಂದರೆ 1,250 ಡಾಲರ್. ಅಂದರೆ ಲಕ್ಷ ರೂಪಾಯಿಯಲ್ಲಿ 100 ಎಂದು ಬರೆದದ್ದು ಸಾವಿರ ಡಾಲರ್‌ನಲ್ಲಿ 125 ಆಗಬೇಕು. ಎರಡೂ ಒಂದೇ ಗಾತ್ರದ ಅಂಕಿಗಳು! ಬದಲಾಯಿಸದೆ ಹಾಗೇ ಹಾಕಿದರೆ ಭಾರತದ ಗೆರೆ ಇಪ್ಪತ್ತು ಪರ್ಸೆಂಟ್ ಕೆಳಗೆ ಇರುತ್ತದೆ ಅಷ್ಟೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ವರ್ಷಗಳಿಗೆ ಹೋದರೆ ಡಾಲರ್ ಅಗ್ಗವಾಗಿದ್ದ ಕಾರಣ ವ್ಯತ್ಯಾಸ ಇನ್ನೂ ದೊಡ್ಡದು. 25 ರೂಪಾಯಿಗೆ ಡಾಲರ್ ಇದ್ದ ಕಾಲದಲ್ಲಿ ಅದು ನಾಲ್ಕು ಪಟ್ಟು. ಹಾಗಾಗಿ ತಪ್ಪು ವರ್ಷ ಕಳೆದಂತೆ ತಾನಾಗಿಯೇ ಕರಗುತ್ತಾ ಬರುತ್ತದೆ, ಗ್ರಾಫಿನಲ್ಲಿ ಭಾರತದ ಆಮದು ನಿಧಾನವಾಗಿ ಏರಿದಂತೆ ಕಾಣುತ್ತದೆ. ಅದು ಏರಿಕೆಯಲ್ಲ, ರೂಪಾಯಿ ಇಳಿದ ಕಥೆ. ಇದನ್ನು ಹಿಡಿಯಲು ಕಾಲಂನ ತಲೆಬರಹವನ್ನು ಬೆರಳಿಟ್ಟು ಓದುವುದೊಂದೇ ದಾರಿ.

ದಶಲಕ್ಷ ಡಾಲರ್‌ನ ಪಟ್ಟಿಯಲ್ಲಿ ಬೇರೆ ತೊಂದರೆ. ಮೆದುಮರದ ಸೌದೆಯಂಥ ಸಣ್ಣ ವ್ಯಾಪಾರ ಅಲ್ಲಿ ಕಳೆದೇ ಹೋಗುತ್ತದೆ. 4,000 ಡಾಲರ್ ಎಂದರೆ 0.004 ದಶಲಕ್ಷ. ಎರಡು ದಶಾಂಶಕ್ಕೆ ಕತ್ತರಿಸಿದರೆ 0.00. ಆಮದು ಆಗಿದೆ, ಪಟ್ಟಿಯಲ್ಲಿ ಸೊನ್ನೆ.

ರೂಪಾಯಿಯನ್ನು ಡಾಲರ್‌ಗೆ ತಿರುಗಿಸಲೇಬೇಕಾದರೆ ಆ ವರ್ಷದ ಸರಾಸರಿ ದರ ಹಿಡಿಯಿರಿ, ಒಂದು ದಿನದ ದರ ಬೇಡ. 2013ನ್ನು ನೆನಪಿಸಿಕೊಳ್ಳಿ. ವರ್ಷದ ಆರಂಭದಲ್ಲಿ ಡಾಲರ್‌ಗೆ 55 ರೂಪಾಯಿ ಆಸುಪಾಸು ಇತ್ತು, ಆಗಸ್ಟ್ ಕೊನೆಯಲ್ಲಿ 68 ದಾಟಿತು. ಯಾವ ದಿನ ಆರಿಸಿದಿರಿ ಎನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ.

ಇನ್ನೊಂದು, ವರ್ಷ. ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಫಾವೋಸ್ಟ್ಯಾಟ್‌ನದು ಜನವರಿಯಿಂದ ಡಿಸೆಂಬರ್. 2019-20ನ್ನು 2019 ಎಂದು ಬರೆದರೆ ಅದರಲ್ಲಿ ಮೂರು ತಿಂಗಳು ಮುಂದಿನ ವರ್ಷದ್ದು. 2020 ಎಂದು ಬರೆದರೆ ಒಂಬತ್ತು ತಿಂಗಳು ಹಿಂದಿನ ವರ್ಷದ್ದು. ತಿಂಗಳ ಅಂಕಿ ಸಿಕ್ಕರೆ ಕೂಡಿ ಸರಿ ಮಾಡಿ. ಸಿಗದಿದ್ದರೆ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಬೇಡಿ.

ಲಕ್ಷಣ 2: 2017ರಲ್ಲಿ ಗೆರೆ ಹುಟ್ಟುತ್ತದೆ, ಅಥವಾ ಮುರಿಯುತ್ತದೆ

ಅವಳ ವಾಕ್ಯಕ್ಕೆ ಕಾರಣವಾದದ್ದು ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಜಗತ್ತಿನ ಕಸ್ಟಮ್ಸ್‌ನವರು ಸರಕುಗಳನ್ನು ಎಚ್‌ಎಸ್ ಕೋಡ್ ಪ್ರಕಾರ ಬರೆದುಕೊಳ್ಳುತ್ತಾರೆ. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ. ಸೌದೆ ಬರುವುದು 4401ರ ಕೆಳಗೆ. 2016ರವರೆಗೆ ತುಂಡು, ಸೀಳು, ಕೊಂಬೆ, ಹೊರೆ ಎಲ್ಲ ಸೌದೆಗೂ ಒಂದೇ ಕೋಡ್, 4401.10. ಯಾವ ಮರ ಎಂದು ಯಾರೂ ಕೇಳುತ್ತಿರಲಿಲ್ಲ. 2017ರ ಜನವರಿ 1ರಿಂದ ಅದನ್ನು ಎರಡಾಗಿ ಸೀಳಿದರು. 4401.11 ಕೋನಿಫರ್ ಸೌದೆ, ಅಂದರೆ ಮೆದುಮರದ್ದು. 4401.12 ಉಳಿದೆಲ್ಲ ಮರಗಳದ್ದು.

ಫಾವೋಸ್ಟ್ಯಾಟ್ ಕೂಡ ಇದನ್ನೇ ಅನುಸರಿಸುತ್ತದೆ. ಅಲ್ಲಿ ಕೋನಿಫರ್ ಸೌದೆಯ ಐಟಂ ಕೋಡ್ 1627, ಉಳಿದ ಮರದ ಸೌದೆ 1628. ಉತ್ಪಾದನೆಯ ಅಂಕಿ ಈ ಎರಡಕ್ಕೂ 1961ರಿಂದ ಸಿಗುತ್ತದೆ. ಆದರೆ ಆಮದು ರಫ್ತು ಬೇರೆ ಬೇರೆಯಾಗಿ ಸಿಗುವುದು 2017ರಿಂದ ಮಾತ್ರ. ಅದಕ್ಕೆ ಹಿಂದಿನ ವ್ಯಾಪಾರವೆಲ್ಲ 'ಎಲ್ಲ ಜಾತಿಯ ಸೌದೆ, 1961-2016' ಎಂಬ ಇನ್ನೊಂದು ಐಟಂನಲ್ಲಿ ಕೂತಿದೆ. ಒಟ್ಟು ಸೌದೆಯ ಐಟಂ 1864 ಮಾತ್ರ ಮೊದಲಿಂದ ಕೊನೆಯವರೆಗೆ ಇರುತ್ತದೆ.

ಈಗ ನಮ್ಮ ಹುಡುಗಿ ಮಾಡಿದ್ದು ನೋಡಿ. ಭಾರತಕ್ಕೆ 1627 ಹಾಕಿದಳು. 2017ಕ್ಕಿಂತ ಹಿಂದೆ ಏನೂ ಸಿಗಲಿಲ್ಲ, ಬಿಟ್ಟಳು. ಪ್ರದೇಶಕ್ಕೂ ಸಿಗಲಿಲ್ಲ. ಆದರೆ ಅಲ್ಲಿ ಖಾಲಿ ಬಿಡಲು ಮನಸ್ಸು ಬರಲಿಲ್ಲ, ಒಟ್ಟು ಸೌದೆಯ ಅಂಕಿ ತಂದು ಅಂಟಿಸಿದಳು. ಹಾಗಾಗಿ ಪ್ರದೇಶದ ಗೆರೆ 2016ರವರೆಗೆ ಎಲ್ಲ ಮರದ್ದು, 2017ರಿಂದ ಮೆದುಮರದ್ದು ಮಾತ್ರ. ಬೀಳದೆ ಇನ್ನೇನಾಗುತ್ತದೆ? ಅವಳ ಮೂರು ತೊಂದರೆಗಳಲ್ಲಿ ಎರಡು ಇಲ್ಲೇ ಬಗೆಹರಿದವು. 2017ರಲ್ಲಿ ಬದಲಾದದ್ದು ಹಡಗಲ್ಲ, ನೋಂದಣಿ ಪುಸ್ತಕ.

ಪರಿಹಾರ ಎರಡೇ. ಮೆದುಮರವೇ ಬೇಕು ಎಂದರೆ 2017ರಿಂದ ಶುರು ಮಾಡಿ. ಉದ್ದನೆಯ ಇತಿಹಾಸ ಬೇಕು ಎಂದರೆ ಎರಡಕ್ಕೂ ಒಟ್ಟು ಸೌದೆ ಹಿಡಿಯಿರಿ, ಆಗ ಗ್ರಾಫಿನ ಹೆಸರಿನಲ್ಲಿ ಮೆದುಮರ ಎಂಬ ಮಾತು ಇರಬಾರದು. ಮೂರನೆಯ ದಾರಿಯೊಂದನ್ನು ಕೆಲವರು ಹೇಳುತ್ತಾರೆ. 2017ರಲ್ಲಿ ಮೆದುಮರದ ಪಾಲು ಎಷ್ಟಿತ್ತೋ ಅದೇ ಪಾಲನ್ನು ಹಿಂದಿನ ವರ್ಷಗಳಿಗೂ ಹಚ್ಚುವುದು. ದಯವಿಟ್ಟು ಹಾಗೆ ಮಾಡಬೇಡಿ. ಅದು ಇಲ್ಲದ ಅಂಕಿಯನ್ನು ಹುಟ್ಟಿಸಿದ ಹಾಗೆ. ಚಿಕ್ಕ ವಯಸ್ಸಿನಲ್ಲೇ ಆ ಅಭ್ಯಾಸ ಬಂದರೆ ಬಿಡಿಸುವುದು ಕಷ್ಟ.

2012ರಲ್ಲೂ 2022ರಲ್ಲೂ ಇದೇ 4401ರ ಕೆಳಗೆ ಬದಲಾವಣೆ ಆಗಿದೆ. 2012ರಲ್ಲಿ ಮರದ ಪೆಲೆಟ್‌ಗೆ, ಅಂದರೆ ಮರದ ಪುಡಿ ಒತ್ತಿ ಮಾಡಿದ ಸಣ್ಣ ಗುಳಿಗೆಗೆ, 4401.31 ಬಂತು, 2022ರಲ್ಲಿ ಇಟ್ಟಿಗೆಯಂತೆ ಒತ್ತಿದ ಬ್ರಿಕೆಟ್‌ಗೆ 4401.32 ಬಂತು. ಕೋಡ್ ಬದಲಾದ ವರ್ಷದಲ್ಲಿ ಗೆರೆ ಅಲುಗಿದರೆ ಮೊದಲ ಅನುಮಾನ ಕೋಡ್ ಮೇಲೆ ಇರಲಿ.

ಯಾವುದು ಮೆದುಮರ?

ಮೆದುಮರ ಎಂದರೆ ಉಗುರಿಗೆ ಮೆತ್ತಗಿರುವ ಮರ ಅಲ್ಲ. ಕಾಯಿಯ ಬದಲು ಶಂಕು ಬಿಡುವ ಪೈನ್, ದೇವದಾರು, ಫರ್, ಸ್ಪ್ರೂಸ್ ಜಾತಿ. ಬಾಲ್ಸಾ ಮರ ಹತ್ತಿಯಷ್ಟು ಹಗುರ, ಆದರೂ ಲೆಕ್ಕದಲ್ಲಿ ಅದು ಗಟ್ಟಿಮರ. ಯೂ ಮರ ಗಟ್ಟಿ, ಆದರೂ ಅದು ಮೆದುಮರದ ಗುಂಪು.

ನಮ್ಮ ಕಡೆಯವರಿಗೆ ಇಲ್ಲಿ ಗೊಂದಲವಾಗುವುದು ಸಹಜ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಯಲ್ಲಿ ಒಲೆಗೆ ಹೋಗುವುದು ನೀಲಗಿರಿ, ಬಳ್ಳಾರಿ ಜಾಲಿ, ಹುಣಸೆ, ಹೊಂಗೆ, ಸಿಲ್ವರ್ ಓಕ್, ಮಾವಿನ ಕೊಂಬೆ. ಒಂದೂ ಮೆದುಮರ ಅಲ್ಲ. ಸರ್ವೆ ಮರ ಮಾತ್ರ ಎಲ್ಲರನ್ನೂ ಮೋಸಗೊಳಿಸುತ್ತದೆ. ಸೂಜಿಯಂಥ ಎಲೆ, ಶಂಕುವಿನಂಥ ಕಾಯಿ, ಗಾಳಿಗೆ ಪೈನ್ ಕಾಡಿನದೇ ಸದ್ದು. ಆದರೂ ಅದು ಹೂಬಿಡುವ ಮರಗಳ ಗುಂಪಿಗೆ ಸೇರಿದ್ದು, ಗಟ್ಟಿಮರ. ಅದರ ಸೌದೆಯನ್ನು 1627ಕ್ಕೆ ಹಾಕಿದರೆ ತಪ್ಪು. ಕೋನಿಫರ್ ಕಣ್ಣಾರೆ ನೋಡಬೇಕಾದರೆ ಲಾಲ್‌ಬಾಗ್‌ಗೆ ಹೋಗಿ ಆರೋಕೇರಿಯಾ ನೋಡಿ. ಪಶ್ಚಿಮ ಘಟ್ಟದಲ್ಲಿ ಸಹಜವಾಗಿ ಬೆಳೆಯುವ ಕೋನಿಫರ್ ನಾಗೇಯಾ ವಾಲಿಚಿಯಾನಾ ಒಂದೇ. ಉಳಿದಂತೆ ನಮ್ಮ ದೇಶದ ಪೈನ್, ದೇವದಾರು ಎಲ್ಲ ಹಿಮಾಲಯದ ಕಡೆ. ನೇಪಾಳ, ಭೂತಾನ್‌ಗಳಲ್ಲೂ ಅವು ಹೇರಳ.

ಇದೇ ಜಾಗದಲ್ಲಿ ಇನ್ನೊಂದು ತಪ್ಪು ನುಗ್ಗುತ್ತದೆ. ನ್ಯೂಜಿಲೆಂಡ್‌ನಿಂದ ಗುಜರಾತಿನ ಕಾಂಡ್ಲಾ ಬಂದರಿಗೆ ಹಡಗುಗಟ್ಟಲೆ ಪೈನ್ ದಿಮ್ಮಿ ಬರುತ್ತದೆ. ಮೆದುಮರ ನಿಜ, ಆಮದೂ ನಿಜ, ಆದರೆ ಅದು ಕೊಯ್ಯುವ ಮರ. ಕೋಡ್ 4403. ಸೌದೆ ಅಲ್ಲ. 'ಪೈನ್ ಆಮದು' ಎಂದು ಹುಡುಕಿ ಅದನ್ನು ತಂದು ಸೇರಿಸಿದರೆ ಸೌದೆಯ ಲೆಕ್ಕ ಎಲ್ಲೋ ಮೂಲೆಗೆ ಹೋಗುತ್ತದೆ. ಇದ್ದಿಲು 4402, ಅದನ್ನೂ ಹೊರಗಿಡಿ. ಪೆಲೆಟ್ ಕೂಡ ಈ ಐಟಂನಲ್ಲಿ ಬರುವುದಿಲ್ಲ. ಯುರೋಪಿನ ಜೊತೆ ಹೋಲಿಸುವವರು ಇದನ್ನು ಮರೆಯಬಾರದು, ಅಲ್ಲಿ ಪೆಲೆಟ್ ವ್ಯಾಪಾರ ಬಹಳ ದೊಡ್ಡದು.

ಶಿಡ್ಲಘಟ್ಟದ ಹುಡುಗಿ ಆಗ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. 'ನಮ್ಮಪ್ಪ ಕೆಲವು ಸಲ ಪ್ಯಾಕಿಂಗ್ ಹಲಗೆ ತರಿಸುತ್ತಾರಲ್ಲ, ಬಿಳಿ ಮರ, ರಾಳದ ವಾಸನೆ ಬರುತ್ತೆ, ಅದು ಪೈನ್ ಅಲ್ವಾ?' ಹೌದು, ಪೈನೇ. ಕೈಗಾರಿಕಾ ಪ್ರದೇಶಗಳಿಗೆ ಹೊರದೇಶದ ಯಂತ್ರಗಳು ಬರುವಾಗ ಪೆಟ್ಟಿಗೆಗೂ ಪ್ಯಾಲೆಟ್‌ಗೂ ಬಳಸುವುದು ಸಾಮಾನ್ಯವಾಗಿ ಅದನ್ನೇ. ಆಮೇಲೆ ಒಡೆದು ಸೌದೆಗೆ ಮಾರುತ್ತಾರೆ. ಮರದ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಇರುತ್ತದೆ. ಎಚ್‌ಟಿ ಎಂದಿದ್ದರೆ ಶಾಖದಿಂದ ಕೀಟ ಕೊಂದದ್ದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದನ್ನು ಒಲೆಗೆ ಹಾಕದಿರುವುದೇ ವಾಸಿ.

ಆದರೆ ಈ ಪೈನ್ ಸೌದೆ ಆಮದಿನ ಪಟ್ಟಿಯಲ್ಲಿ ಎಂದೂ ಕಾಣುವುದಿಲ್ಲ. ಸರಕಿನ ಜೊತೆ ಬಂದ ಮಾಮೂಲಿ ಪ್ಯಾಕಿಂಗನ್ನು ಆ ಸರಕಿನ ಕೋಡಿನಲ್ಲೇ ಲೆಕ್ಕ ಹಾಕಬೇಕು ಎಂಬುದು ಎಚ್‌ಎಸ್ ನಿಯಮ. ಯಂತ್ರ ಬಂತು ಎಂದು ಬರೆಯುತ್ತಾರೆ, ಮರ ಬಂತು ಎಂದಲ್ಲ. ಹೀಗಾಗಿ ಒಲೆಯಲ್ಲಿ ಹೊರದೇಶದ ಮೆದುಮರ ಉರಿಯುತ್ತಿದ್ದರೂ ಪಟ್ಟಿಯಲ್ಲಿ ಸೊನ್ನೆ ಇರಬಹುದು. ಪಟ್ಟಿ ತಪ್ಪಲ್ಲ. ಅದು ಕೇಳುವ ಪ್ರಶ್ನೆ ಬೇರೆ.

ಲಕ್ಷಣ 3: ದೇಶಗಳನ್ನು ಕೂಡಿದರೆ ಪ್ರದೇಶದ ಮೊತ್ತ ಬರುತ್ತಿಲ್ಲ

ದಕ್ಷಿಣ ಏಷ್ಯಾ ಎಂದರೆ ನಮ್ಮ ತಲೆಗೆ ಬರುವುದು ಸಾರ್ಕ್. ಎಂಟು ದೇಶ. 2007ರಲ್ಲಿ ಅಫ್ಘಾನಿಸ್ತಾನ ಸೇರಿದ ಮೇಲಿನ ಲೆಕ್ಕ ಇದು. ಎಂ49 ಎಂಬುದು ದೇಶ, ಪ್ರದೇಶಗಳಿಗೆ ವಿಶ್ವಸಂಸ್ಥೆ ಕೋಡ್ ಕೊಟ್ಟು ಮಾಡಿದ ಪಟ್ಟಿ. ಅದರ ದಕ್ಷಿಣ ಏಷ್ಯಾದಲ್ಲಿ ಒಂಬತ್ತು ದೇಶ. ಆ ಒಂಬತ್ತನೆಯದು ಇರಾನ್. ಎಂಟು ದೇಶ ಕೂಡಿ ಮೊತ್ತ ಬರಲಿಲ್ಲ ಎಂದು ಒದ್ದಾಡುವವರಿಗೆ ಉತ್ತರ ಬಹುತೇಕ ಇಷ್ಟೇ.

ಇಡೀ ಏಷ್ಯಾ ತೆಗೆದುಕೊಂಡರೆ ಮೊತ್ತ ಜಾಸ್ತಿ ಬರುವುದುಂಟು. ಚೀನಾ ಅಲ್ಲಿ ಎರಡು ರೂಪದಲ್ಲಿದೆ. ಚೀನಾ ಎಂಬ ಒಟ್ಟು ಸಾಲು ಒಂದು. ಮುಖ್ಯಭೂಮಿ, ಹಾಂಗ್‌ಕಾಂಗ್, ಮಕಾವ್, ತೈವಾನ್ ಎಂಬ ಬಿಡಿ ಸಾಲುಗಳು ಬೇರೆ. ಎರಡನ್ನೂ ಕೂಡಿದರೆ ಎರಡು ಸಲ ಎಣಿಸಿದಂತೆ. ಟರ್ಕಿ ಮತ್ತು ಸೈಪ್ರಸ್ ಯುರೋಪಿನಲ್ಲಿ ಸಿಗಲಿಲ್ಲವೇ? ಎಂ49ರಲ್ಲಿ ಅವು ಪಶ್ಚಿಮ ಏಷ್ಯಾ.

ಹೆಸರಿನ ಮೇಲೆ ಹುಡುಕಬೇಡಿ. ಇರಾನ್‌ಗೆ ಅಲ್ಲಿ 'ಇಸ್ಲಾಮಿಕ್ ರಿಪಬ್ಲಿಕ್' ಎಂಬ ಬಾಲ ಇದೆ, ಟರ್ಕಿಯ ಹೆಸರು ಬದಲಾಗಿದೆ. ಕೋಡ್ ಮೇಲೆ ಹುಡುಕಿ. ಭಾರತದ ಎಂ49 ಕೋಡ್ 356, ದಕ್ಷಿಣ ಏಷ್ಯಾದ್ದು 034. ಎಕ್ಸೆಲ್ ಆ ಮೊದಲ ಸೊನ್ನೆಯನ್ನು ತಿಂದುಬಿಡುತ್ತದೆ, ಆ ಕಾಲಂ ಅನ್ನು ಟೆಕ್ಸ್ಟ್ ಎಂದು ತೆರೆಯಿರಿ. ಫಾವೋಸ್ಟ್ಯಾಟ್‌ನ ದೊಡ್ಡ ಫೈಲಿನಲ್ಲಿ ಈ ಕೋಡಿನ ಮುಂದೆ ಒಂದು ಸಣ್ಣ ಉದ್ಧರಣ ಚಿಹ್ನೆ ಇರುತ್ತದೆ. ಅದನ್ನು ತೆಗೆಯದಿದ್ದರೆ ಕೋಡ್ ಹುಡುಕುವ ಲುಕಪ್ ಸೂತ್ರ ಕೆಲಸ ಮಾಡುವುದಿಲ್ಲ.

ಎಲ್ಲ ಸರಿಯಾದ ಮೇಲೂ ಅರ್ಥದಲ್ಲಿ ಒಂದು ತಪ್ಪು ಉಳಿಯಬಹುದು. ಪ್ರದೇಶದ ಆಮದು ಎಂದರೆ ಹೊರಗಿನಿಂದ ಪ್ರದೇಶದೊಳಗೆ ಬಂದದ್ದು ಎಂದು ತುಂಬಾ ಜನ ತಿಳಿಯುತ್ತಾರೆ. ಹಾಗಲ್ಲ. ಭೂತಾನ್‌ನಿಂದ ಭಾರತಕ್ಕೆ ಒಂದು ಲಾರಿ ಸೌದೆ ಬಂದರೆ ಅದು ಭಾರತದ ಆಮದು. ಆದ್ದರಿಂದ ದಕ್ಷಿಣ ಏಷ್ಯಾದ ಮೊತ್ತದಲ್ಲೂ ಸೇರುತ್ತದೆ. ಆದರೆ ಸೌದೆ ದಕ್ಷಿಣ ಏಷ್ಯಾ ಬಿಟ್ಟು ಹೋಗಿಯೇ ಇಲ್ಲ, ಹೊರಗಿನಿಂದ ಬಂದೂ ಇಲ್ಲ.

ಜೊತೆಗೆ, ಪ್ರದೇಶದ ಒಳಗೆ ಭಾರತವೂ ಇದೆ. ಭಾರತದ ಪಾಲು ದೊಡ್ಡದಾದಷ್ಟೂ ಎರಡು ಗೆರೆಗಳು ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಬೀಳುತ್ತವೆ. 'ನೋಡಿ, ಎರಡಕ್ಕೂ ಸಂಬಂಧ ಇದೆ' ಎಂದು ಬರೆಯಲು ಆಸೆಯಾಗುತ್ತದೆ. ತನ್ನ ಜೊತೆ ತಾನೇ ಹೋಲಿಸಿಕೊಂಡರೆ ಸಂಬಂಧ ಇಲ್ಲದೆ ಇರುತ್ತದೆಯೇ? ಪ್ರದೇಶದಿಂದ ಭಾರತವನ್ನು ಕಳೆದು, ಉಳಿದ ಎಂಟು ದೇಶಗಳ ಜೊತೆ ಹೋಲಿಸಿ. ನನ್ನ ಮಟ್ಟಿಗೆ ಸರಿಯಾದ ಹೋಲಿಕೆ ಅದೇ.

ಲಕ್ಷಣ 4: ಒಂದೇ ವರ್ಷ ಮುಗಿಲಿಗೆ ಏರುತ್ತದೆ

ಇಂಥ ಸಣ್ಣ ವ್ಯಾಪಾರದಲ್ಲಿ ಒಂದೇ ಲೋಡು ಗೆರೆಯನ್ನು ಎತ್ತಬಲ್ಲದು. ಹಾಗಾಗಿ ಏರಿಕೆ ಎಲ್ಲ ತಪ್ಪಲ್ಲ. ಬೇರ್ಪಡಿಸಲು ಯೂನಿಟ್ ಬೆಲೆ ನೋಡಿ. ಮೌಲ್ಯವನ್ನು ಸಾವಿರದಿಂದ ಗುಣಿಸಿ, ಪ್ರಮಾಣದಿಂದ ಭಾಗಿಸಿ. ಒಂದು ಘನ ಮೀಟರ್‌ಗೆ ಎಷ್ಟು ಡಾಲರ್ ಎಂದು ಸಿಗುತ್ತದೆ. ಲೆಕ್ಕಕ್ಕೆ ಸುಮ್ನೆ ಒಂದು ಉದಾಹರಣೆ. ಮೌಲ್ಯ 30, ಪ್ರಮಾಣ 400 ಘನ ಮೀಟರ್ ಎಂದುಕೊಳ್ಳಿ. 75 ಡಾಲರ್. ಸೌದೆಗೆ ಒಪ್ಪಬಹುದಾದ ಬೆಲೆ. ಅದೇ ಮೌಲ್ಯಕ್ಕೆ ಪ್ರಮಾಣ 4 ಎಂದಿದ್ದರೆ 7,500 ಡಾಲರ್. ಆ ಬೆಲೆಗೆ ಯಾರೂ ಸೌದೆ ಕೊಳ್ಳುವುದಿಲ್ಲ. ಪ್ರಮಾಣ ತಪ್ಪಿರಬೇಕು, ಇಲ್ಲವೇ ಸೌದೆಯ ಕೋಡಿನಲ್ಲಿ ಬೇರೇನೋ ಬಂದಿರಬೇಕು.

ಪ್ರಮಾಣ ಟನ್‌ನಲ್ಲಿ ಸಿಕ್ಕರೆ ಘನ ಮೀಟರ್‌ಗೆ ತಿರುಗಿಸಿಕೊಳ್ಳಿ. ಮೆದುಮರದ ಸೌದೆ ಒಂದು ಟನ್‌ಗೆ ಸುಮಾರು 1.6 ಘನ ಮೀಟರ್, ಉಳಿದ ಮರ ಸುಮಾರು 1.33 ಎಂದು ವಾಡಿಕೆಯ ಲೆಕ್ಕ. ಪೇರಿಸಿಟ್ಟ ಸೌದೆಯ ಅಳತೆಯಲ್ಲಿ ಸಂದಿನ ಗಾಳಿಯೂ ಸೇರಿರುತ್ತದೆ, ಮರ ಅದರ ಮೂರನೇ ಎರಡು ಪಾಲಿನಷ್ಟು ಮಾತ್ರ.

ಅಂಕಿಯ ಪಕ್ಕದ ಫ್ಲ್ಯಾಗ್ ಅಕ್ಷರವನ್ನು ಯಾರೂ ಓದುವುದಿಲ್ಲ. ಓದಿ. ಎ ಎಂದರೆ ಅಧಿಕೃತ ಅಂಕಿ, ಇ ಎಂದರೆ ಅಂದಾಜು, ಐ ಎಂದರೆ ಲೆಕ್ಕ ಹಾಕಿ ತುಂಬಿದ್ದು, ಎಕ್ಸ್ ಎಂದರೆ ಬೇರೆ ಅಂತರರಾಷ್ಟ್ರೀಯ ಸಂಸ್ಥೆಯಿಂದ ಪಡೆದದ್ದು. ಒಂದೇ ಅಂಕಿ ಮೂರು ನಾಲ್ಕು ವರ್ಷ ಬದಲಾಗದೆ ನಿಂತಿದ್ದರೆ ಫ್ಲ್ಯಾಗ್ ನೋಡಿದಾಗ ಕಾರಣ ತಿಳಿಯುತ್ತದೆ. ಖಾಲಿ ಮನೆಯನ್ನು ಸೊನ್ನೆ ಮಾಡಬೇಡಿ. ಸೊನ್ನೆ ಎಂದರೆ ಆಮದು ಇಲ್ಲ, ಅಥವಾ ಐನೂರು ಡಾಲರ್‌ಗಿಂತ ಕಡಿಮೆ. ಖಾಲಿ ಎಂದರೆ ಅಂಕಿಯೇ ಇಲ್ಲ.

ಇನ್ನೊಂದು ದೇಶದ ರಫ್ತಿನ ಅಂಕಿಯಿಂದ ತಾಳೆ ನೋಡುವುದು ಒಳ್ಳೆಯದೇ. ಆದರೆ ಅವು ಕೂದಲೆಳೆಯಷ್ಟೂ ಬಿಡದೆ ಹೊಂದಬೇಕು ಎಂದು ಕಾಯಬೇಡಿ. ರಫ್ತನ್ನು ಹೊರಟ ಬಂದರಿನ ಬೆಲೆಯಲ್ಲಿ ಬರೆಯುತ್ತಾರೆ. ಆಮದಿಗೆ ಸಾಗಣೆ, ವಿಮೆ ಎರಡೂ ಸೇರುತ್ತವೆ. ಸೌದೆ ಅಗ್ಗದ ಸರಕು, ಜಾಗ ಮಾತ್ರ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಬೆಲೆಯಲ್ಲಿ ಬಾಡಿಗೆಯ ಪಾಲು ದೊಡ್ಡದು, ಎರಡು ಅಂಕಿಗಳ ಅಂತರವೂ ದೊಡ್ಡದು.

ಆ ಗ್ರಾಫ್ ಏನಾಯಿತು

ಅವಳು ಎಲ್ಲವನ್ನೂ ಅಳಿಸಿ ಮತ್ತೆ ಮಾಡಿದಳು. 2017ರಿಂದ ಶುರು. ಎರಡೂ ಗೆರೆ ಒಂದೇ ಕಡೆಯಿಂದ, ಒಂದೇ ದಿನ ಇಳಿಸಿಕೊಂಡದ್ದು. ಒಂದು ಗೆರೆ ಭಾರತ, ಇನ್ನೊಂದು ಉಳಿದ ಎಂಟು ದೇಶ. ಖಾಲಿ ವರ್ಷದಲ್ಲಿ ಗೆರೆ ತುಂಡಾಗಿ ನಿಂತಿದೆ, ಅವಳು ಜೋಡಿಸಲಿಲ್ಲ. ಗ್ರಾಫ್ ಚಿಕ್ಕದಾಯಿತು ಎಂದು ಅವಳಿಗೆ ಬೇಸರವಾಯಿತು. ನನಗೆ ಮಾತ್ರ ಅದು ತುಂಬಾ ಇಷ್ಟವಾಯಿತು. ಪ್ಯಾಕಿಂಗ್ ಹಲಗೆಯ ವಿಷಯ ಪ್ರಾಜೆಕ್ಟಿನಲ್ಲಿ ಪ್ರತ್ಯೇಕ ಪುಟ ಆಗಿದೆ, ಅದಕ್ಕಾಗಿ ಅವಳು ಅಪ್ಪನ ಹಳೆಯ ಚೀಟಿಗಳನ್ನೆಲ್ಲ ಕೂಡಿಟ್ಟಿದ್ದಾಳೆ. 2017ರ ಆ ವಾಕ್ಯ ಹೋಯಿತು. ಅದರ ಜಾಗದಲ್ಲಿ ಈಗ ಇರುವ ಸಾಲುಗಳು ಇವು:

'ಐಟಂ 1627, ಕೋನಿಫರ್ ಸೌದೆ. ಎಲಿಮೆಂಟ್ 5622, ಆಮದು ಮೌಲ್ಯ, ಸಾವಿರ ಡಾಲರ್, ಆಯಾ ವರ್ಷದ ಬೆಲೆಯಲ್ಲಿ. ಪ್ರದೇಶ: ಎಂ49ರ ದಕ್ಷಿಣ ಏಷ್ಯಾ, ಇರಾನ್ ಸೇರಿ, ಭಾರತ ಬಿಟ್ಟು. ಪ್ರದೇಶದೊಳಗಿನ ವ್ಯಾಪಾರ ಸೇರಿದೆ. 2017ಕ್ಕಿಂತ ಹಿಂದೆ ಮೆದುಮರದ ಸೌದೆಯ ಆಮದನ್ನು ಬೇರೆಯಾಗಿ ಬರೆದಿಲ್ಲ.'